ಎಷ್ಟು ಮಂದಿ? ಯಾ ಮಂದಿ?

ಬಾಯಿಯ ಎಡಮೂಲೆಯಲ್ಲಿ ಮೂರು ಗುಂಡುಸೂಜಿ ಕಚ್ಚಿಕೊಂಡೇ ಆಕೆ ಜಗಳಕ್ಕೆ ನಿಲ್ಲುತ್ತಿದ್ದಳು. ಸೂಜಿ ಒಂದೂ ಬೀಳುತ್ತಿರಲಿಲ್ಲ, ಮಾತು ಒಂದೂ ನಿಲ್ಲುತ್ತಿರಲಿಲ್ಲ. ತುಟಿಯ ಬಲಭಾಗ ಮಾತ್ರ ಅಲ್ಲಾಡುತ್ತಿತ್ತು. ಎಡಗೈ ಹೆಬ್ಬೆರಳಿನ ಉಗುರು ಸೀಳಿ ಎರಡಾಗಿ ಕಪ್ಪುಗಟ್ಟಿತ್ತು. ಒಮ್ಮೆ ಮಿಷನ್ನಿನ ಸೂಜಿ ಅದರ ನಡುವೆಯೇ ಇಳಿದಿತ್ತಂತೆ. "ಆಮ್ಯಾಲ ಏನ್ ಮಾಡಿದೆಕ್ಕಾ?" ಎಂದು ನಾವು ಬಾಯಿ ಬಿಟ್ಟು ಕೇಳಿದರೆ, "ಏನ್ ಮಾಡ್ತಾರೆ? ಸೂಜಿ ಮುರಿದಿತ್ತು, ಬೇರೆ ಸೂಜಿ ಹಾಕಿದೆ" ಎಂದು ಮತ್ತೆ ಪೆಡಲು ತುಳಿಯುತ್ತಿದ್ದಳು.

ಕೂಡ್ಲಿಗಿಯ ಮೈದಾನದ ಎದುರಿಗೆ ಆಕೆಯ ಹೊಲಿಗೆ ಅಂಗಡಿ. ಬೋರ್ಡು ಇರಲಿಲ್ಲ. ಊರಿಗೆಲ್ಲ ಆಕೆ ಟೇಲರಕ್ಕ. ಕೊರಳಲ್ಲಿ ಹಳದಿ ಟೇಪು ಸದಾ ಜೋತಾಡುತ್ತಿತ್ತು, ಸಂತೆಗೆ ಹೋದರೂ ತೆಗೆಯುತ್ತಿರಲಿಲ್ಲ. ಹರಪನಹಳ್ಳಿ ತಾಲೂಕಿನ ನೀಲಗುಂದದ ಕಡೆಯವಳು. ನಾವೆಲ್ಲ 'ಐತಿ' ಅಂದರೆ ಆಕೆ ದಾವಣಗೆರೆಯವರ ಹಾಗೆ 'ಐತೆ' ಅನ್ನುತ್ತಿದ್ದಳು. ನಾವು ಅಣಕಿಸಿದರೆ, "ಇರಲಿ ಬಿಡ್ರಲೇ, ನಾನು ಐತೆ ಅಂದಿದ್ದಕ್ಕೆ ನಿಮ್ಮ ಜಂಪರ್ ಏನು ಬಿಗಿ ಆಗೈತಾ?" ಎಂದು ಕೇಳುತ್ತಿದ್ದಳು.

ಯಾಕೆ ಊರು ಬಿಟ್ಟು ಬಂದಳು, ಗಂಡ ಎಲ್ಲಿದ್ದಾನೆ, ಯಾವ ಜಾತಿ, ಇದ್ಯಾವುದೂ ಕೂಡ್ಲಿಗಿಗೆ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಊರು ಪಟ್ಟ ಪಾಡು ಅಷ್ಟಿಷ್ಟಲ್ಲ. ಅಂಗಡಿಯ ಗೋಡೆಯ ಮೇಲೆ ಯಾವ ದೇವರ ಪಟವಿದೆ ಎಂದು ಬಗ್ಗಿ ನೋಡಿದರೆ ದಾರದ ಕಂಪನಿಯ ಕ್ಯಾಲೆಂಡರು ಕಾಣುತ್ತಿತ್ತು. ಬ್ಲೌಸಿನ ಅಳತೆ ಕೊಡುವ ನೆಪದಲ್ಲಿ ಓಣಿಯ ಹೆಂಗಸೊಬ್ಬರು ಒಮ್ಮೆ ಮೆಲ್ಲಗೆ, "ಹಬ್ಬಕ್ಕ ನಿಮ್ಮ ಮನ್ಯಾಗ ಏನೇನ್ ಮಾಡ್ತೀರಿ?" ಎಂದು ಕೇಳಿದರು. ಉಣ್ಣುವುದು ಗೊತ್ತಾದರೆ ಉಳಿದದ್ದು ತಾನೇ ಗೊತ್ತಾಗುತ್ತದೆ ಎಂಬ ಲೆಕ್ಕ. "ಹಬ್ಬಕ್ಕೆ ನಿಮ್ಮ ಬ್ಲೌಸು ಮಾಡ್ತೀನಿ. ಉಣ್ಣಾಕೆ ಪುರುಸೊತ್ತೆಲ್ಲೈತೆ? ಕೈ ಮ್ಯಾಲೆತ್ರಿ" ಎಂದಳು ಟೇಲರಕ್ಕ. ಆ ಹೆಂಗಸು ಕೈ ಎತ್ತಿದರು.

ನಾನು ಗುಡೇಕೋಟೆಯವಳು. ಊರ ಹೊರಗಿನ ಕೇರಿ ನಮ್ಮದು, ಮನೆಯ ಪಡಸಾಲೆಯಲ್ಲಿ ಬುದ್ಧನ ಪಟವಿದೆ. ಇಷ್ಟು ಹೇಳಿದರೆ ನಮ್ಮ ನಾಡಿನಲ್ಲಿ ಎಲ್ಲರಿಗೂ ಎಲ್ಲವೂ ತಿಳಿಯುತ್ತದೆ, ತಿಳಿಯಲಿ. ಡಿಗ್ರಿ ಮುಗಿಸಿ ಕೂಡ್ಲಿಗಿಯಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ತಯಾರಾಗುತ್ತಿದ್ದೆ. ದಿನಾ ಬೆಳಗಿನ ಜಾವ ಮೈದಾನದಲ್ಲಿ ನಾವು ಐದು ಹುಡುಗಿಯರು ಓಡುತ್ತಿದ್ದೆವು. ಒಬ್ಬಳು ಕೊಟ್ಟೂರಿನವಳು, ಒಬ್ಬಳು ಹಡಗಲಿಯವಳು, ಇಬ್ಬರು ಕೂಡ್ಲಿಗಿಯವರೇ. ನಾನು ಚೂಡಿದಾರದಲ್ಲೇ ಓಡುತ್ತಿದ್ದೆ. ಒಂದು ದಿನ ಪ್ಯಾಂಟು ಹಿಮ್ಮಡಿಗೆ ತೊಡರಿ ಮೂಗಿನ ಮೇಲೆ ಬಿದ್ದೆ. ಎದ್ದು ನೋಡಿದರೆ ರಸ್ತೆಯಾಚೆ ಅಂಗಡಿಯ ಬಾಗಿಲಲ್ಲಿ ಟೇಲರಕ್ಕ ನಿಂತಿದ್ದಾಳೆ.

"ಏಯ್ ಹುಡುಗಿ, ಬಾ ಇಲ್ಲಿ. ಓಡೋಳು ಅಂದ್ರೆ ಓಡೋ ಬಟ್ಟೆ ಹಾಕ್ಕೋಬೇಕು. ಮದುವಿಗೆ ಬಂದಂಗೆ ಬಂದೀಯಲ್ಲ!"

ಅವತ್ತು ಶಾಲೆಯ ಯೂನಿಫಾರಂ ಹೊಲಿದು ಉಳಿದ ನೀಲಿ ಬಟ್ಟೆಯಲ್ಲಿ ನನಗೊಂದು ಟ್ರ್ಯಾಕ್ ಪ್ಯಾಂಟು ಹೊಲಿದುಕೊಟ್ಟಳು. ವಾರದಲ್ಲಿ ಐದೂ ಜನಕ್ಕೆ ಬಂತು. ಮರುವಾರದಿಂದ ಆಕೆಯೇ ಮೈದಾನದ ಅಂಚಿನಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದಳು. ಗಂಡಸರು ನೋಡುತ್ತ ನಿಂತರೆ ಅತ್ತ ತಿರುಗಿ, "ಅಳತಿ ಕೊಡಾಕೆ ಬಂದ್ರೇನ್ರೀ?" ಎಂದು ಟೇಪು ಬಿಚ್ಚುತ್ತಿದ್ದಳು. ಒಬ್ಬರೂ ನಿಲ್ಲುತ್ತಿರಲಿಲ್ಲ.

ಬರವಣಿಗೆಯ ಪರೀಕ್ಷೆಯಲ್ಲಿ ಐದೂ ಜನ ಪಾಸಾದೆವು. ಓಟದ ಪರೀಕ್ಷೆ ಬಳ್ಳಾರಿಯಲ್ಲಿ, ಬೆಳಿಗ್ಗೆ ಆರಕ್ಕೆಲ್ಲ ಮೈದಾನದಲ್ಲಿರಬೇಕು. ಕೂಡ್ಲಿಗಿಯ ಮೊದಲ ಬಸ್ಸು ಹಿಡಿದರೂ ಆರಕ್ಕೆ ಮುಟ್ಟುವುದಿಲ್ಲ. ಅಂದರೆ ಹಿಂದಿನ ದಿನವೇ ಹೋಗಿ ಉಳಿಯಬೇಕು. ನನಗೆ ಅದೇ ಕೊನೆಯ ಅವಕಾಶ. ಇನ್ನು ನಾಲ್ಕು ತಿಂಗಳಿಗೆ ವಯಸ್ಸಿನ ಮಿತಿ ದಾಟುತ್ತಿತ್ತು. ಆಮೇಲೆ ನಾನು ಎಷ್ಟು ಓಡಿದರೂ ಕೇಳುವವರಿಲ್ಲ.

ಮನೆಯಲ್ಲಿ ಹೇಳಿದಾಗ ಅವ್ವ ಓಟದ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ಮಲಗೋದು ಎಲ್ಲಿ?" ಎಂದಳು. ಉಳಿದ ನಾಲ್ಕು ಮನೆಗಳಲ್ಲೂ ಅದೇ ಪ್ರಶ್ನೆ. ಹುಡುಗಿಯರು ಬಳ್ಳಾರಿಯಂಥ ಊರಲ್ಲಿ ಗಂಡುದಿಕ್ಕಿಲ್ಲದೆ ಲಾಡ್ಜಿನಲ್ಲಿ ಉಳಿಯುವುದೆಂದರೆ ಆ ಮನೆಗಳಲ್ಲಿ ಆಡಬಾರದ ಮಾತು. ಟೇಲರಕ್ಕ ಅಂಗಡಿಗೆ ಎರಡು ದಿನ ಬೀಗ ಹಾಕಿ ಒಂದೊಂದೇ ಮನೆಗೆ ಹೋದಳು. ಗುಡೇಕೋಟೆಗೂ ಬಂದಳು. ನಮ್ಮ ಕಟ್ಟೆಯ ಮೇಲೆ ಕೂತು, ಅವ್ವ ಕೊಟ್ಟ ಚಹಾ ಕುಡಿದು, ಅಪ್ಪನಿಗೆ ಹೇಳಿದಳು: "ಕರ್ಕೊಂಡು ಹೋಗಾಕಿ ನಾನು, ಕರ್ಕೊಂಡು ಬರಾಕಿ ನಾನು. ಒಂದೇ ಕೋಣೆ, ಒಂದೇ ಬಾಗಿಲು. ಆ ಬಾಗಿಲಿಗೆ ಅಡ್ಡ ನಾನು ಮಲಗ್ತೀನಿ." ಅಪ್ಪ ತಲೆಯಾಡಿಸಿದ. ನಮ್ಮ ಮನೆಯಲ್ಲಿ ಚಹಾ ಕುಡಿದ ಟೇಲರಕ್ಕನ ಬಗ್ಗೆ ಅವ್ವ ಎರಡು ದಿನ ಮಾತಾಡಿದಳು.

ಒಂದೇ ಕೋಣೆ ಅಂದುಬಿಟ್ಟಿದ್ದಳಲ್ಲ, ಅದನ್ನು ಹುಡುಕುವುದು ಸುಲಭವಿರಲಿಲ್ಲ. ಲಾಡ್ಜುಗಳಲ್ಲಿ ಇಬ್ಬಿಬ್ಬರಿಗೆ ಒಂದೊಂದು ಕೋಣೆ. ಆರು ಜನಕ್ಕೆ ಮೂರು ಕೋಣೆಯ ಬಾಡಿಗೆ ನಮ್ಮ ಕೈಗೆ ಎಟುಕುವಂಥದ್ದಲ್ಲ. ಆಗ ಕೊಟ್ಟೂರಿನವಳು ತನ್ನ ಮಾವನಿಂದ ಬಳ್ಳಾರಿಯ ಒಂದು ಛತ್ರದ ನಂಬರು ತಂದಳು. ಮದುವೆಯಿಲ್ಲದ ದಿನ ಹಾಲನ್ನು ಕಡಿಮೆ ಬಾಡಿಗೆಗೆ ಕೊಡುತ್ತಾರೆ, ಐವತ್ತು ಜನ ಮಲಗಬಹುದು, ಜಮಖಾನ ಅವರದೇ. ಕೇಳಿ ನಾವೆಲ್ಲ ಕುಣಿದೆವು.

ಟೇಲರಕ್ಕ ಫೋನನ್ನು ಸ್ಪೀಕರಿಗೆ ಹಾಕಿ ಮಿಷನ್ನಿನ ಹಲಗೆಯ ಮೇಲಿಟ್ಟಳು. ನಾವು ಐವರೂ ಸುತ್ತ ನಿಂತೆವು.

"ನಾಡಿದ್ದು ಒಂದಿನಕ್ಕೆ ಹಾಲ್ ಬೇಕಾಗಿತ್ರೀ. ಹುಡುಗ್ಯಾರು ಅದಾರೆ, ಓಟದ ಪರೀಕ್ಷೆ ಐತೆ."

"ಖಾಲಿ ಐತಿ, ಬರ್ರಿ. ಯಾ ಮಂದೀರಿ ನೀವು?"

"ಆರು ಮಂದಿ."

"ಎಷ್ಟು ಮಂದಿ ಅಂತ ಕೇಳಲಿಲ್ರಿ. ಯಾ ಮಂದಿ ಅಂದೆ."

ಟೇಲರಕ್ಕ ನಮ್ಮ ಕಡೆ ನೋಡಿ ಕಣ್ಣು ಮಿಟುಕಿಸಿದಳು. "ಹೆಣ್ಣು ಮಂದಿ ರೀ."

ನಾವು ದುಪಟ್ಟಾ ಬಾಯಿಗೆ ತುರುಕಿಕೊಂಡೆವು. ಆ ಕಡೆಯವನಿಗೆ ತಾಳ್ಮೆ ತಪ್ಪಿತು. "ಅಯ್ಯ, ನೀವು ಯಾರು ಅಂತ ಕೇಳಿದ್ರ ನೀವು..."

"ನಾವಾ? ಹೊಲಿಯೋರ್ರೀ ನಾವು."

ಆ ಕಡೆಯ ದನಿ ಒಣಗಿತು. ಆಮೇಲೆ, "ಬರ್ರಿ, ನೋಡೂಣು" ಎಂದು ಆತ ಕಟ್ ಮಾಡಿದ.

ನಮ್ಮ ಕಡೆ ದೊಡ್ಡವರು 'ನೋಡೂಣು' ಅಂದರೆ ಇಲ್ಲ ಎಂದೇ ಅರ್ಥ. ಆದರೆ ಬೇಕಾದವರ ಕಿವಿಗೆ ಅದು 'ಹ್ಞೂಂ' ಅಂತಲೇ ಕೇಳಿಸುತ್ತದೆ. ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ತಟ್ಟಲಿಲ್ಲ. ಆತನ ಕಿವಿಗೆ ಏನು ಬಿತ್ತೆಂದು ಅಲ್ಲಿ ನನಗೊಬ್ಬಳಿಗೇ ಹೊಳೆದಿತ್ತು. ಬಟ್ಟೆ ಹೊಲಿಯುವವರು ಎಂದು ಟೇಲರಕ್ಕ ಅಂದದ್ದಕ್ಕೂ ನನ್ನ ಜಾತಿಯ ಹೆಸರಿಗೂ ಫೋನಿನಲ್ಲಿ ಒಂದು ಎಳೆಯಷ್ಟೇ ವ್ಯತ್ಯಾಸ. ಹೇಳಿಬಿಡಬೇಕಿತ್ತು. ನಾಚಿಕೆಯೋ ಭಯವೋ, ಬಾಯಿ ಬರಲಿಲ್ಲ.

ಬಳ್ಳಾರಿಯಲ್ಲಿ ಇಳಿದಾಗ ಮಧ್ಯಾಹ್ನ ಮೂರು ಗಂಟೆ. ಬಿಸಿಲು ಕೇಳಬೇಡಿ, ಚಪ್ಪಲಿಯ ಒಳಗೇ ಕಾಲು ಸುಡುತ್ತಿತ್ತು. ಬ್ಯಾಗು ಹೊತ್ತುಕೊಂಡು ಛತ್ರಕ್ಕೆ ನಡೆದೆವು. ಮ್ಯಾನೇಜರು ಬಿಳಿ ಅಂಗಿಯ ಮನುಷ್ಯ, ಮೇಜಿನ ಮೇಲೆ ಕೀಲಿಕೈಗಳ ದೊಡ್ಡ ಗೊಂಚಲು. ನಮ್ಮನ್ನು ನೋಡಿದ್ದೇ, "ಹಾಲ್ ಬುಕ್ ಆಗೇತ್ರಿ" ಎಂದರು. ಅವರ ಹಿಂದೆ ಹಾಲು ಬಾಗಿಲು ತೆರೆದುಕೊಂಡೇ ಇತ್ತು. ಸುತ್ತಿಟ್ಟ ಜಮಖಾನಗಳು, ಸಾಲು ಫ್ಯಾನುಗಳು, ಒಂದು ನರಪಿಳ್ಳೆ ಇಲ್ಲ.

"ಯಾರಿಗ್ರೀ ಬುಕ್ ಆಗಿದ್ದು?" ಟೇಲರಕ್ಕ ಕೇಳಿದಳು.

"ಮದಿವಿಗೆ."

"ನಾಳೆ ಮದುವೀನಾ? ಹಂದರ ಇಲ್ಲ, ಬಾಳೆಕಂಬ ಇಲ್ಲ, ಅಡಿಗಿಯೋರು ಇಲ್ಲ. ಮದುಮಕ್ಕಳಾದ್ರೂ ಅದಾರೋ ಇಲ್ಲೋ?"

ಮ್ಯಾನೇಜರು ಮೇಜಿನ ಕಡೆ ತಿರುಗಿದರು. ಟೇಲರಕ್ಕ ನಮ್ಮ ಆರೂ ಜನರ ಆಧಾರ್ ಕಾರ್ಡುಗಳನ್ನು ಮೇಜಿನ ಮೇಲಿಟ್ಟಿದ್ದಳು. ಮೇಲೆ ಕೊಟ್ಟೂರಿನವಳ ಕಾರ್ಡಿತ್ತು. ಅದರ ಮೇಲೆ ಕಣ್ಣಾಡಿಸಿ ಅವರು, "ನೀ ಯಾರ ಮಗಳವ್ವಾ?" ಎಂದು ಕೇಳಿದರು. ಅವಳು ಮಾವನ ಹೆಸರು ಹೇಳಿದಳು. "ಅಯ್ಯ, ನಮ್ಮವರ ಹುಡುಗಿ!" ಎಂದು ಅವರ ದನಿ ಮೆತ್ತಗಾಯಿತು. ಆಮೇಲೆ ಕಣ್ಣು ಟೇಲರಕ್ಕನ ಕೊರಳಿನ ಟೇಪಿನ ಮೇಲೆ ಬಿತ್ತು.

"ಅಮ್ಮಾರ, ನೀವು ಟೇಲರಾ?"

"ಹ್ಞೂಂ."

"ಹೊಲಿಗಿ! ಹೊಲಿಯೋರು ಅಂದಿದ್ದು ಬಟ್ಟಿ ಹೊಲಿಯೋರು ಅಂತಾ?" ಅವರು ಹಣೆ ಬಡಿದುಕೊಂಡು ನಕ್ಕರು. "ಅಯ್ಯ ಶಿವನ, ನಾ ಏನೋ ಕೇಳಿಸ್ಕೊಂಡ್ನೆಲ್ಲರೀ! ತಪ್ಪು ತಿಳ್ಕೊಬ್ಯಾಡ್ರಿ. ಹಾಲ್ ಖಾಲೀನ ಐತಿ, ಬರ್ರಿ ಬರ್ರಿ."

ಗೊಂಚಲಿನಿಂದ ಒಂದು ಕೀಲಿಕೈ ಬಿಡಿಸಿ ಮುಂದೆ ಚಾಚಿದರು.

ಸುಳ್ಳು ಯಾಕೆ ಹೇಳಲಿ, ಆಗ ನನಗೆ ಬಂದದ್ದು ಸಿಟ್ಟಲ್ಲ. ಸದ್ಯ, ಉಳಿದೆವು ಅನ್ನಿಸಿತು. ನನ್ನ ಕಾರ್ಡು ತೀರ ಕೆಳಗಿತ್ತು. ಅದನ್ನು ಅವರು ಎತ್ತಿ ನೋಡದಿದ್ದರೆ ಸಾಕು, ಊರು ಕೇರಿ ಕೇಳದಿದ್ದರೆ ಸಾಕು. ಫ್ಯಾನಿನ ಕೆಳಗೆ ಕಾಲು ಚಾಚಿ ಮಲಗಿ ಬೆಳಿಗ್ಗೆ ಎದ್ದು ಓಡಿಬಿಡುತ್ತೇನೆ.

ಟೇಲರಕ್ಕ ಬಾಯಿಯಿಂದ ಗುಂಡುಸೂಜಿ ತೆಗೆದು ಒಂದೊಂದಾಗಿ ಸೆರಗಿಗೆ ಚುಚ್ಚಿಕೊಂಡಳು. ಜಗಳದ ನಡುವೆ ಆಕೆ ಹಾಗೆ ಬಾಯಿ ಖಾಲಿ ಮಾಡಿಕೊಂಡದ್ದನ್ನು ನಾವು ಯಾರೂ ನೋಡಿರಲಿಲ್ಲ.

"ಏನು ಕೇಳಿಸ್ಕೊಂಡ್ರಿ?"

"ಬಿಡ್ರಿ ಅಮ್ಮಾ, ಅದ್ಯಾಕೀಗ."

"ಇಲ್ಲ, ಹೇಳ್ರಿ. ಏನು ಕೇಳಿಸ್ತು ನಿಮಗೆ?"

ಮ್ಯಾನೇಜರು ದನಿ ತಗ್ಗಿಸಿದರು. "ಈಗ ಗೊತ್ತಾತಲ್ಲರೀ, ನೀವು ಅವರಲ್ಲ ಅಂತ."

"ಅಲ್ಲ ಅಂತ ನಿಮಗ್ಯಾರು ಹೇಳಿದ್ರು? ನಿಮ್ಮ ಕಿವಿ ನೆಟ್ಟಗೈತೆ. ಏನು ಕೇಳಿಸ್ಕೊಂಡ್ರೋ ಅದೇ ನಾವು."

ಕೀಲಿಕೈ ಹಿಡಿದ ಕೈ ಅಲ್ಲೇ ನಿಂತಿತು. "ಹಂಗಲ್ರಿ... ಟೇಪು ಐತೆಲ್ಲ ಕೊಳ್ಳಾಗ..."

"ಟೇಪು ಅಂಗಡ್ಯಾಗೆ ಸಿಗತೈತೆ. ಯಾರು ಬೇಕಾದ್ರೂ ಹಾಕ್ಕೋಬಹುದು."

ಕಾರ್ಡುಗಳನ್ನು ಒಟ್ಟು ಮಾಡಿ ಬ್ಯಾಗಿಗೆ ಹಾಕಿಕೊಂಡಳು. ಕೊಟ್ಟೂರಿನವಳ ಕಾರ್ಡನ್ನು ಮಾತ್ರ ಅವಳ ಕೈಗೇ ಕೊಟ್ಟು, "ನೀನು ಇಲ್ಲಿ ಇರಬಹುದವ್ವಾ. ಇರ್ತೀನಿ ಅಂದ್ರೆ ನಾನು ಒಂದು ಮಾತೂ ಅನ್ನಲ್ಲ. ಬೆಳಗ್ಗೆ ಬಂದು ಕರ್ಕೊಂಡು ಹೋಗ್ತೀನಿ" ಎಂದಳು. ಆ ಹುಡುಗಿ ಖಾಲಿ ಹಾಲನ್ನು ಒಮ್ಮೆ ನೋಡಿದಳು, ನನ್ನನ್ನು ಒಮ್ಮೆ ನೋಡಿದಳು. "ನನಗೊಬ್ಬಾಕಿಗೆ ಅಷ್ಟು ದೊಡ್ಡ ಹಾಲ್ ಯಾಕ್ರಿ?" ಎಂದು ಬ್ಯಾಗು ಹೆಗಲಿಗೇರಿಸಿ ಎಲ್ಲರಿಗಿಂತ ಮೊದಲು ಗೇಟು ದಾಟಿದಳು.

ರಸ್ತೆಗೆ ಬಂದ ಮೇಲೆ ನನಗೆ ಸಿಟ್ಟು ಬಂತು, ಅದೂ ಟೇಲರಕ್ಕನ ಮೇಲೆ. "ನಿಂದೇನು ಹೋಗತೈತಕ್ಕಾ? ನಾಳೆ ಓಡಾಕಿ ನಾನು! ಒಂದಿನ ಬಾಯಿ ಮುಚ್ಕೊಂಡಿದ್ರ ಆಗತಿತ್ತಲ್ಲ!" ಎಂದು ನಡುರಸ್ತೆಯಲ್ಲಿ ಕೂಗಿದೆ. ಅತ್ತುಬಿಟ್ಟೆ ಕೂಡ. ಬಿಸಿಲಿಗೆ ಕಣ್ಣೀರು ಕೆನ್ನೆಯ ಮೇಲೇ ಒಣಗಿತು.

ಆಕೆ ನನ್ನನ್ನು ಒಂದು ಬೇವಿನ ಮರದ ನೆರಳಿಗೆ ಎಳೆದಳು. "ಹೌದು, ಓಡಾಕಿ ನೀನು. ಅದಕ್ಕೇ ಹೇಳ್ತೀನಿ ಕೇಳು. ಅವನ ಜಮಖಾನದ ಮ್ಯಾಲೆ ನೀನು ನಿದ್ದಿ ಮಾಡ್ತಿದ್ದಿಲ್ಲ. ಯಾವಾಗ ಬಂದು ಕೇಳ್ತಾನೋ, ಯಾವಾಗ ಕಾರ್ಡು ನೋಡ್ತಾನೋ ಅಂತ ಬೆಳಗಾಗೋ ತನಕ ಉಸಿರು ಬಿಗಿಹಿಡ್ಕೊಂಡು ಬಿದ್ದಿರ್ತಿದ್ದೆ. ಬೆಳಗ್ಗೆ ಓಡಾಕೆ ಉಸಿರು ಎಲ್ಲಿಂದ ತರ್ತಿದ್ದೆ?"

ನಾನು ಮೂಗು ಒರೆಸಿಕೊಂಡೆ. ಅಲ್ಲಿಗೆ ನಾಲ್ಕು ಗಂಟೆ ದಾಟಿತ್ತು, ಇನ್ನೂ ಆರು ಜನಕ್ಕೆ ನೆಲವಿಲ್ಲ.

ಲಾಡ್ಜುಗಳನ್ನು ಸುತ್ತಿದೆವು. ಒಂದರಲ್ಲಿ "ಜೆಂಟ್ಸ್ ಯಾರೂ ಇಲ್ಲಾ?" ಎಂದು ಕೇಳಿ ಕೈಯಾಡಿಸಿದರು. "ಗಂಡಸರಿದ್ರೆ ಸಂಶಯ, ಇಲ್ಲದಿದ್ರೆ ಇನ್ನೂ ಸಂಶಯ. ನಿಮಗೆ ಎಂಥೋರು ಬೇಕು?" ಎಂದು ಟೇಲರಕ್ಕ ಅವರ ಕೌಂಟರಿನ ಮೇಲೆ ಬಡಿದು ಬಂದಳು. ಇನ್ನೊಂದರಲ್ಲಿ ಆರೂ ಜನಕ್ಕೆ ಒಂದೇ ಕೋಣೆ ಕೊಡುತ್ತೇವೆ ಎಂದರು. ಟೇಲರಕ್ಕ ಒಳಗೆ ಹೋಗಿ ಟೇಪು ಬಿಚ್ಚಿ ನೆಲ ಅಳೆದಳು. ಮಂಚದಿಂದ ಗೋಡೆ, ಗೋಡೆಯಿಂದ ಬಾಗಿಲು. ಲಾಡ್ಜಿನವನು ಕಣ್ಣು ಪಿಳುಕಿಸಿದ. "ಒಬ್ಬೊಬ್ಬರಿಗೆ ಎರಡಡಿ ಬರಲ್ಲ. ಇದರಾಗೆ ಮಲಗಿದ್ರೆ ಈ ಹುಡುಗ್ಯಾರ ಕಾಲು ಬೆಳಗ್ಗೆ ಬಿಚ್ಚಂಗಿಲ್ಲ. ಕಿಟಕಿ ಎಲ್ಲೈತೆ?" ಎಂದು ಕೇಳಿದಳು. ಕಿಟಕಿ ಇರಲಿಲ್ಲ. "ಒಂದಿನಕ್ಕ ಅಡ್ಜಸ್ಟ್ ಮಾಡ್ಕೊಳ್ರಿ" ಎಂದ ಆತ. "ನಾವು ಹುಟ್ಟಿದಾಗಿಂದ ಅದೇ ಮಾಡೀವಿ. ಇವತ್ತು ಮಾಡಲ್ಲ" ಎಂದು ಟೇಪು ಸುತ್ತಿಕೊಂಡಳು.

ಹೀಗೆ ಅಲೆಯುವಾಗ ಒಂದು ಗಲ್ಲಿಯಿಂದ ಮಿಷನ್ನುಗಳ ಸದ್ದು ಬಂತು. ಬಳ್ಳಾರಿಯಲ್ಲಿ ಜೀನ್ಸ್ ಪ್ಯಾಂಟು ಹೊಲಿಯುವ ಶೆಡ್ಡುಗಳು ಗಲ್ಲಿಗಲ್ಲಿಗೂ ಇವೆ. ಟೇಲರಕ್ಕ ನಿಂತಳು. ಅರ್ಧ ನಿಮಿಷ ಕಿವಿಗೊಟ್ಟು, "ಯಾರದೋ ಮಿಷನ್ನಿನ ಬೆಲ್ಟು ಸಡಿಲ ಆಗೈತೆ" ಎಂದು ಸೀದಾ ಒಳಗೆ ನುಗ್ಗಿದಳು.

ಉದ್ದನೆಯ ತಗಡಿನ ಶೆಡ್ಡು. ಎರಡೂ ಬದಿ ಕಿಟಕಿ. ಗೋಡೆಗೆ ಒರಗಿಸಿದ ನೀಲಿ ಬಟ್ಟೆಯ ದಪ್ಪ ದಪ್ಪ ಥಾನುಗಳು. ಬಿಳಿ ಗಡ್ಡದ ಮೇಸ್ತ್ರಿಯೊಬ್ಬರು ಕತ್ತರಿ ಹಿಡಿದು ನಿಂತಿದ್ದರು. ಟೇಲರಕ್ಕ ನಮಸ್ಕಾರ ಹೇಳಿ, ನಡೆದದ್ದನ್ನೆಲ್ಲ ಹೇಳಿದಳು, ಛತ್ರದ್ದನ್ನೂ ಮುಚ್ಚಿಡಲಿಲ್ಲ. ಅವರು ಕೇಳಿಸಿಕೊಂಡರು. ಕತ್ತರಿ ಕೆಳಗಿಟ್ಟು ನಮ್ಮನ್ನು ಎಣಿಸುವ ಹಾಗೆ ನೋಡಿದರು.

"ಎಷ್ಟು ಮಂದಿ?"

"ಆರು ಮಂದಿ ರೀ."

"ಏಳಕ್ಕ ಕೆಲಸ ಬಂದ್ ಆಗತೈತಿ. ಮಿಷನ್ ಆ ಕಡೀಗೆ ಸರಿಸಿ ಮಲಗ್ರಿ ಬೇಟಿ. ಹಿಂದ ಬಚ್ಚಲು ಐತಿ, ಒಳಗಿಂದ ಚಿಲಕ ಐತಿ. ಬಾಜೂಕ ನಮ್ಮ ಮನಿ, ಏನರ ಬೇಕಾದ್ರ ನಮ್ಮಾಕಿನ ಕರೀರಿ. ಫಿಕರ್ ಮಾಡಬ್ಯಾಡ್ರಿ."

ಅಷ್ಟೇ. ಟೇಲರಕ್ಕ ಬಾಡಿಗೆಯ ಮಾತೆತ್ತಿದಳು, ಅವರು ಕೇಳಿಸದವರ ಹಾಗೆ ಕತ್ತರಿ ಕೈಗೆ ತೆಗೆದುಕೊಂಡರು. ಆಕೆ ಸುಮ್ಮನಿರುವವಳಲ್ಲ. ಆ ಸಡಿಲ ಬೆಲ್ಟಿನ ಮಿಷನ್ನು ಸರಿಮಾಡಿ, ಅದರ ಮುಂದೆಯೇ ಕೂತು ಏಳು ಗಂಟೆಯ ತನಕ ಪ್ಯಾಂಟಿನ ಜೇಬು ಹೊಲಿದಳು. ಮೇಸ್ತ್ರಿಯ ಹೆಂಡತಿ ರೊಟ್ಟಿ, ಬದನೆಕಾಯಿ ಪಲ್ಯ ಕಳಿಸಿದರು. ಉಂಡು ಎಂಟಕ್ಕೆಲ್ಲ ಜೀನ್ಸ್ ಬಟ್ಟೆಯನ್ನು ಮಡಚಿ ಹಾಸಿಕೊಂಡು ಮಲಗಿದೆವು. ಒಬ್ಬೊಬ್ಬರಿಗೂ ಎಂಟಡಿ ಜಾಗವಿತ್ತು. ಹಡಗಲಿಯವಳು ಉರುಳಿ ಉರುಳಿ ತೋರಿಸಿದಳು. ಟೇಲರಕ್ಕ ಹೇಳಿದಂತೆ ಬಾಗಿಲಿಗೆ ಅಡ್ಡ ಮಲಗಿದ್ದಳು. ಅಂಥ ನಿದ್ದೆಯನ್ನು ನಾನು ನಮ್ಮ ಮನೆಯಲ್ಲೂ ಮಾಡಿರಲಿಲ್ಲ.

ಬೆಳಿಗ್ಗೆ ನಾನು ಓಡಿದೆ. ನಾನೂರು ಮೀಟರು. ಅರ್ಧ ಸುತ್ತಿನವರೆಗೂ ನಾಲ್ಕನೆಯವಳಾಗಿದ್ದೆ. ಕೊನೆಯ ತಿರುವಿನಲ್ಲಿ ಬೇಲಿಯಾಚೆಯಿಂದ ಟೇಲರಕ್ಕನ ದನಿ ಕೇಳಿಸಿತು: "ಬಿಡು ಉಸಿರು! ಬಿಡು! ಯಾರೂ ಕೇಳಲ್ಲ ಇಲ್ಲಿ!" ಹೌದಲ್ಲ, ಆ ಸುಣ್ಣದ ಗೆರೆಗಳ ನಡುವೆ ನನ್ನನ್ನು ಯಾರೂ ಏನೂ ಕೇಳುವ ಹಾಗಿರಲಿಲ್ಲ. ಎದೆಯ ಮೇಲೆ ಒಂದು ನಂಬರು, ಕೈಯಲ್ಲಿ ಗಡಿಯಾರ ಹಿಡಿದ ಒಬ್ಬ ಅಧಿಕಾರಿ, ಅಷ್ಟೇ. ಎರಡನೆಯವಳಾಗಿ ಮುಟ್ಟಿದೆ. ನಾನು, ಕೊಟ್ಟೂರಿನವಳು, ಕೂಡ್ಲಿಗಿಯ ಒಬ್ಬಳು ಆಯ್ಕೆಯಾದೆವು. ಹಡಗಲಿಯವಳಿಗೆ ಎತ್ತರ ಒಂದು ಕೂದಲೆಳೆಯಷ್ಟು ಕಡಿಮೆ ಬಿತ್ತು. ಅವಳ ಎತ್ತರ ಅಳೆದವನ ಜೊತೆ ಟೇಲರಕ್ಕ ತನ್ನ ಟೇಪು ಹಿಡಿದು ಜಗಳ ಆಡಿದಳು. ಗೆಲ್ಲಲಿಲ್ಲ. ಆದರೂ ಆಡಿದಳು.

ಅಲ್ಲಿಂದ ಆಕೆಗೆ ಅದೊಂದು ಹುಚ್ಚೇ ಹಿಡಿಯಿತು. ಪ್ರತಿವರ್ಷ ಪರೀಕ್ಷೆಗೆ, ಆಟಕ್ಕೆ, ಸಂದರ್ಶನಕ್ಕೆ ಹುಡುಗಿಯರ ಗುಂಪು ಕಟ್ಟಿಕೊಂಡು ದಾವಣಗೆರೆ, ಹುಬ್ಬಳ್ಳಿ, ಬೆಂಗಳೂರು ಎಂದು ಹೊರಡುತ್ತಿದ್ದಳು. ಅಂಗಡಿಯ ಗೋಡೆಗೆ ಬಟ್ಟೆ ಕತ್ತರಿಸುವ ಕಂದು ಕಾಗದ ಅಂಟಿಸಿ ನಡುವೆ ಗೆರೆ ಎಳೆದಿದ್ದಳು. ಒಂದು ಕಡೆ 'ಎಷ್ಟು ಮಂದಿ ಅಂತ ಕೇಳೋರು', ಇನ್ನೊಂದು ಕಡೆ 'ಯಾ ಮಂದಿ ಅಂತ ಕೇಳೋರು'. ಯಾವ ಊರಿನ ಯಾವ ಛತ್ರ, ಯಾವ ಲಾಡ್ಜು, ಎಷ್ಟು ಅಡಿ, ಕಿಟಕಿ ಉಂಟೋ ಇಲ್ಲವೋ, ಎಲ್ಲ ಅಲ್ಲಿ. ಹಗರಿಬೊಮ್ಮನಹಳ್ಳಿಯಿಂದ, ಹರಪನಹಳ್ಳಿಯಿಂದ ಗುರುತಿಲ್ಲದವರು ಫೋನು ಮಾಡಿ, "ಅಕ್ಕಾರ, ನಾವು ಏಳು ಮಂದಿ ಹುಬ್ಬಳ್ಳಿಗೆ ಹೊಂಟೀವಿ, ಎಲ್ಲಿ ಉಳಕೊಳ್ಳೋದು?" ಎಂದು ಕೇಳುತ್ತಿದ್ದರು. ಗೋಡೆ ನೋಡಿ ಹೇಳುತ್ತಿದ್ದಳು.

ಒಮ್ಮೆ ಯಾವುದೋ ಊರಿನ ಛತ್ರದ ಕಡೆಯವರು ಕಾರಿನಲ್ಲಿ ಬಂದಿಳಿದರು. ರಜೆಗೆ ಬಂದಿದ್ದ ನಾನು ಅಲ್ಲೇ ಕೂತಿದ್ದೆ. ತಮ್ಮ ಹೆಸರನ್ನು ಆ ಕಾಗದದಿಂದ ತೆಗೆಯಬೇಕು, ಮರ್ಯಾದೆ ಹೋಗುತ್ತಿದೆ ಎಂದರು.

"ಬರೆದಿದ್ದು ಸುಳ್ಳಾ?"

"ಸುಳ್ಳು ಅಂತಲ್ಲ. ಎಲ್ಲಾ ಕಡೀಗೂ ಕೇಳ್ತಾರ. ನಮ್ಮದಷ್ಟ ಯಾಕ ಬರೀಬೇಕು?"

"ಕೇಳಾಕೆ ನಾಚಿಕಿಲ್ಲ, ಬರೆದ್ರೆ ನಾಚಿಕೆನಾ?" ಸೂಜಿ ಬಾಯಲ್ಲೇ ಇತ್ತು. "ಕೇಳೋದು ಬಿಡ್ರಿ. ನಾನೇ ನಿಮ್ಮೂರಿಗೆ ಬಂದು ಪರೀಕ್ಷೆ ಮಾಡಿ ಹೆಸರು ಈ ಕಡೀಗೆ ಬರೀತೀನಿ."

ಅವರು ನನ್ನ ಕಡೆ ತಿರುಗಿ, "ನೀವಾದ್ರೂ ಹೇಳ್ರಿ" ಎಂದರು. "ನಾ ಪ್ಯಾಂಟಿಗೆ ಹುಕ್ಕು ಹಾಕಿಸಾಕ ಬಂದೀನ್ರಿ" ಎಂದೆ. ಕಾರು ಹೊರಟುಹೋಯಿತು.

ಹೋದ ಬೇಸಿಗೆಯ ಒಂದು ಬೆಳಿಗ್ಗೆ ಆಕೆ ಮಿಷನ್ನಿನ ಮೇಲೆ ತಲೆಯಿಟ್ಟವಳು ಏಳಲಿಲ್ಲ. ಎದೆನೋವು ಎಂದು ಪಕ್ಕದ ಅಂಗಡಿಯವರಿಗೆ ಹೇಳಿದ್ದಳಂತೆ, ಆಸ್ಪತ್ರೆಗೆ ಹೋಗು ಅಂದರೆ ಬ್ಲೌಸಿನ ತೋಳು ಒಂದು ಮುಗಿಸಿ ಹೋಗುತ್ತೇನೆ ಅಂದಳಂತೆ. ನಾನು ಬಳ್ಳಾರಿಯಲ್ಲಿ ಡ್ಯೂಟಿಯಲ್ಲಿದ್ದೆ, ಯೂನಿಫಾರಮ್ಮಿನಲ್ಲೇ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅತ್ತೆ. ಖಾಕಿ ಹಾಕಿಕೊಂಡು ಅಳುವವಳನ್ನು ಜನ ತಿರುಗಿ ತಿರುಗಿ ನೋಡಿದರು, ನೋಡಲಿ.

ಕೂಡ್ಲಿಗಿಗೆ ಬಂದರೆ ಓಣಿಯ ಹಿರಿಯರು ಅಂಗಡಿಯ ಮುಂದೆ ಗುಂಪಾಗಿ ನಿಂತಿದ್ದಾರೆ. ಒಬ್ಬರೂ ಮುಂದಿನ ಕೆಲಸಕ್ಕೆ ಕೈ ಹಾಕಿಲ್ಲ. ಸುಡಬೇಕೋ, ಹೂಳಬೇಕೋ, ಕೂರಿಸಬೇಕೋ, ಮಲಗಿಸಬೇಕೋ? ಯಾರ ಸ್ಮಶಾನಕ್ಕೆ ಒಯ್ಯಬೇಕು? ಒಂದೊಂದು ಜಾತಿಗೆ ಒಂದೊಂದು ಜಾಗ, ಈಕೆಗೆ ಯಾವುದು? "ಹೆಂಗಮ್ಮಾ ಮಾಡೋದು? ಆಕಿದು ಗೊತ್ತಿಲ್ಲದ ನಾವು ನಮ್ಮ ಜಾಗದಾಗ ಹೆಂಗ ಇಟ್ಕೊಳ್ಳೋದು?" ಎಂದು ಒಬ್ಬರು ನನ್ನನ್ನೇ ಕೇಳಿದರು. ಅವರ ಮನೆಯ ಹೆಂಗಸರ ಬ್ಲೌಸುಗಳು ಮೂರು ಇನ್ನೂ ಒಳಗೆ ತಂತಿಯ ಹ್ಯಾಂಗರಿಗೆ ನೇತಾಡುತ್ತಿದ್ದವು. ಇಡೀ ಊರಿನ ಮೈ ಅಳೆದವಳಿಗೆ ಊರಲ್ಲಿ ಆರಡಿ ನೆಲವಿರಲಿಲ್ಲ.

ನಾನು ಅಪ್ಪನಿಗೆ ಫೋನು ಮಾಡಿದೆ. ಆತ ಹೇಳಿದ್ದು ಒಂದೇ ಮಾತು. "ಹೊಲದಾಗ ಬೇವಿನ ಗಿಡದ ಬಾಜೂಕ ತೋಡಸ್ತೀನಿ, ಕರ್ಕೊಂಡು ಬಾ" ಎಂದ.

ಆಕೆಯ ಫೋನಿನಲ್ಲಿದ್ದ ನಂಬರಿಗೆ ಯಾರೋ ಸುದ್ದಿ ಮುಟ್ಟಿಸಿದ್ದರಂತೆ, ಹೊರಡುವ ಹೊತ್ತಿಗೆ ನೀಲಗುಂದದಿಂದ ಆಕೆಯ ಅಣ್ಣ ಬಂದ. ಎಂದೂ ಈ ಕಡೆ ಬಾರದಿದ್ದವನು, ವಯಸ್ಸಾದ ಸಣಕಲು ಮನುಷ್ಯ. ತಂಗಿಯ ಮುಖ ನೋಡಿ ಅತ್ತ. ಹಿರಿಯರಿಗೆ ಜೀವ ಬಂದಂತಾಯಿತು. ಎಲ್ಲರೂ ಆತನ ಸುತ್ತ ನೆರೆದರು. ಒಬ್ಬರು ಕೇಳಿಯೇಬಿಟ್ಟರು. ಆತ ಕಣ್ಣೊರೆಸಿಕೊಂಡು, "ನಾವು ರೀ..." ಎಂದು ಶುರು ಮಾಡಿದ.

"ಅಣ್ಣಾರ, ಹೇಳಬ್ಯಾಡ್ರಿ!"

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ಹಿರಿಯರು ಒಂದು ಹೆಜ್ಜೆ ಹಿಂದೆ ಸರಿದರು. ಖಾಕಿಗೆ ಹೆದರಿದರೆಂದು ಕಾಣುತ್ತದೆ. ಹೆದರಲಿ, ಆ ಖಾಕಿ ತೊಡಿಸಿದವಳು ಆಕೆಯೇ.

"ಇಷ್ಟು ವರ್ಷ ಆಕಿ ಹೇಳಲಿಲ್ಲ. ಇವತ್ತು ಆಕಿ ಬಾಯಿ ಮುಚ್ಚೇತಿ ಅಂತ ನೀವು ಹೇಳಬ್ಯಾಡ್ರಿ. ನಮ್ಮ ಹೊಲದಾಗ ಮಣ್ಣು ಮಾಡ್ತೀವಿ. ನಾವ್ಯಾರು ಅಂತ ಈ ಊರಿಗೆ ಗೊತ್ತೈತಿ. ನಿಮ್ಮದೇನರ ತಕರಾರು ಐತೇನು?"

ಆತ ನನ್ನನ್ನು ನೋಡುತ್ತ ನಿಂತ. ಅರ್ಧ ತೆರೆದ ಬಾಯನ್ನು ಟವೆಲಿನಿಂದ ಮುಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದ. ಆಮೇಲೆ ಬಂದು ತಂಗಿಯ ಚಟ್ಟದ ಒಂದು ತುದಿಗೆ ಹೆಗಲು ಕೊಟ್ಟ. ಇನ್ನೊಂದು ತುದಿಗೆ ನಾನು ಕೊಟ್ಟೆ. ಸುದ್ದಿ ಕೇಳಿ ಬಂದಿದ್ದ ಕೊಟ್ಟೂರಿನವಳು, ಹಡಗಲಿಯವಳು ಹಿಂದಿನ ತುದಿಗಳಿಗೆ ಹೆಗಲು ಕೊಟ್ಟರು.

ಗುಡೇಕೋಟೆಯ ಗುಡ್ಡದ ಬುಡದಲ್ಲಿ, ನಮ್ಮ ಎರಡೆಕರೆಯ ಅಂಚಿನಲ್ಲಿ ಆಕೆ ಕೈಕಾಲು ಚಾಚಿ ಮಲಗಿದ್ದಾಳೆ. ಆ ಅಣ್ಣ ಹೇಳಲು ಹೊರಟ ಮಾತು ಏನೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ದಾರಿಹೋಕರು ಸಮಾಧಿ ನೋಡಿ, ಇದು ಯಾರದು ಎಂದು ಅವ್ವನನ್ನು ಕೇಳುತ್ತಾರೆ. "ನಮ್ಮ ಮನಿಯಾಕಿದು" ಎನ್ನುತ್ತಾಳೆ ಅವ್ವ.